ಜೌಗಿನ ಚುಕ್ಕಿಹೂ

“ಇದು ಜೌಗಿನ ಚುಕ್ಕಿಹೂ ಅಲ್ಲ. ಬೇಲಿ ಬದಿಯಲ್ಲಿ ಬೆಳೆಯೋ ಮಾಮೂಲಿ ಚುಕ್ಕಿಹೂ.”

ಅಷ್ಟೂ ಜನರ ಮುಂದೆ ಅವನು ಹಾಗೆ ಹೇಳಿಬಿಟ್ಟ!

ಅವಳ ಕಿವಿ ಬಿಸಿಯಾಯಿತು. ಸಸ್ಯ ಸಂಗ್ರಹಾಲಯದಲ್ಲಿ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಹೆಸರು ಬರೆಯುವ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಇದುವರೆಗೆ ಒಬ್ಬರೂ ಅವಳ ಹಾಳೆಗೆ ಬೆರಳು ತೋರಿಸಿರಲಿಲ್ಲ. ಈಗ ಈ ಮನುಷ್ಯ, ಹೊರಗಿನಿಂದ ಬಂದು ಒಂದು ಗಂಟೆಯೂ ಆಗದ ಪರೀಕ್ಷಕ...

“ಸರ್, ನಾನೇ ಕೈಯಾರೆ ಕಿತ್ತು ತಂದಿದ್ದು. ಎಲೆ ನೀಲಿ ಮಿಶ್ರಿತ ಬೂದು ಬಣ್ಣ ಇತ್ತು.”

“ಒಣಗಿದ ಮೇಲೆ ಬಣ್ಣ ಸಾಕ್ಷಿ ಹೇಳಲ್ಲ ರೀ. ಹೂವಿನ ತೊಟ್ಟಿನ ಬುಡದಲ್ಲಿರೋ ಈ ಪುಟ್ಟ ಎಲೆ ನೋಡಿ. ಅಂಚಲ್ಲಿ ಸಣ್ಣ ಸಣ್ಣ ಕೂದಲಿದೆ. ಜೌಗಿನದಕ್ಕೆ ಅಂಚು ನುಣುಪಾಗಿರುತ್ತೆ.”

ಅವನು ಭೂತಕನ್ನಡಿ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ಸೋಲು ಒಪ್ಪಿಕೊಂಡಂತಾಗುತ್ತದಲ್ಲ!

ಊರಾಚೆಯ ಜೌಗು ನೆಲದ ನಡುವೆ ಹೊಸ ರಸ್ತೆ ಹಾಯಲಿತ್ತು. ಅಲ್ಲಿ ಅಪರೂಪದ ಚುಕ್ಕಿಹೂ ಇದೆ ಎಂದು ವರದಿ ಬರೆದವಳು ಅವಳೇ. ಇರುವುದು ನಿಜವಾದರೆ ರಸ್ತೆ ಸುತ್ತಿ ಹೋಗಬೇಕು. ಇಲ್ಲದಿದ್ದರೆ ಜೌಗಿಗೆ ಮಣ್ಣು ತುಂಬುತ್ತಾರೆ. ಅದನ್ನು ಪರೀಕ್ಷಿಸಿ ಹೇಳಲೆಂದೇ ಅವನನ್ನು ಕರೆಸಿದ್ದರು. ತೀರ್ಮಾನದ ಸಭೆಗೆ ಇನ್ನು ಮೂರೇ ದಿನ.

ಮರುದಿನ ಕಿಟಕಿಯಿಂದ ನೋಡಿದರೆ, ಪರೀಕ್ಷಕ ರಸ್ತೆ ಗುತ್ತಿಗೆದಾರರ ಜೀಪಿನಿಂದ ಇಳಿಯುತ್ತಿದ್ದಾನೆ. ನಗುನಗುತ್ತಾ ಕೈ ಕುಲುಕುತ್ತಿದ್ದಾನೆ.

‘ಓಹೋ... ಹೀಗಾ ವಿಷಯ!’

ಆ ಸಂಜೆ ಅವಳಿಗೆ ಊಟ ಸೇರಲಿಲ್ಲ.

“ತಟ್ಟೆ ಮುಂದೆ ಕೂತು ಮನಸ್ಸಲ್ಲೇ ಯಾರ ಜೊತೆ ಜಗಳ ಆಡ್ತಿದ್ದೀಯೇ?” ಎಂದಳು ಅಕ್ಕ.

“ಯಾರೂ ಇಲ್ಲ.”

“ಆ ಯಾರೂ ಇಲ್ಲದವನು ನೋಡೋಕೆ ಹೇಗಿದ್ದಾನೆ?”

“ಅಕ್ಕಾ! ಅವನು ಗುತ್ತಿಗೆದಾರರಿಗೆ ತನ್ನನ್ನೇ ಮಾರಿಕೊಂಡವನು ಕಣೇ...”

ಹೇಳಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕೆಟ್ಟವನು ಎಂದುಕೊಂಡಷ್ಟೂ ಆ ತಗ್ಗಿದ ದನಿ, ಹಾಳೆಯನ್ನು ಮಗುವಿನಂತೆ ಹಿಡಿದ ಆ ಬೆರಳುಗಳು ಕಣ್ಣಿಗೆ ಕಟ್ಟುತ್ತಿದ್ದವು.

ಸಭೆಯ ದಿನ ಬೆಳಿಗ್ಗೆ ಬೇಗ ಹೋಗಿ, ಯಾರೂ ಇಲ್ಲದಾಗ ಭೂತಕನ್ನಡಿ ಹಿಡಿದು ಹಾಳೆ ನೋಡಿದಳು.

ಕೂದಲು! ಸಾಲಾಗಿ, ಸ್ಪಷ್ಟವಾಗಿ...

ಜೌಗಿನ ಅಂಚಿನಲ್ಲಿ ಎರಡು ಜಾತಿಯ ಗಿಡಗಳೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಂದನ್ನು ನೋಡಿ ಇನ್ನೊಂದನ್ನು ಕಿತ್ತಿದ್ದಾಳೆ! ತಪ್ಪು ಅವನದಲ್ಲ. ಅವಳದೇ.

ಅವನು ತಂಗಿದ್ದ ಅತಿಥಿ ಗೃಹಕ್ಕೆ ಓಡಿದಳು. ಕಾವಲುಗಾರ ಇಲ್ಲವೆಂದು ತಲೆಯಾಡಿಸಿದ.

“ಅವರು ದಿನಾ ಬೆಳಕು ಹರಿಯುತ್ತಿದ್ದಂಗೆ ಜೌಗಿಗೆ ಹೋಗ್ತಾರಲ್ಲಮ್ಮ. ನಿನ್ನೆ ಸೊಂಟದವರೆಗೂ ಕೆಸರು ಮೆತ್ಕೊಂಡು ಬಂದಿದ್ರು. ಎಂಟಕ್ಕೆಲ್ಲ ವಾಪಸ್ ಬರೋರು, ಇವತ್ತು ಇನ್ನೂ ಬಂದಿಲ್ಲ.”

ಗಂಟೆ ಒಂಬತ್ತು. ಅವನ ಫೋನು ಸ್ವಿಚ್ ಆಫ್. ಸ್ಕೂಟರ್ ಹತ್ತಿದವಳಿಗೆ ದಾರಿ ಎಂದೂ ಅಷ್ಟು ಉದ್ದವೆನಿಸಿರಲಿಲ್ಲ.

ದಂಡೆಯ ಮೇಲೆ ಅವನ ಚೀಲವಿತ್ತು, ಬೂಟುಗಳಿದ್ದವು. ಅವನಿರಲಿಲ್ಲ.

“ಸರ್... ಸರ್!”

ಆಳೆತ್ತರದ ಹುಲ್ಲು ಗಾಳಿಗೆ ಓಲಾಡಿತು.

‘ಜೌಗು ಬೇಕಾದರೆ ಹೋಗಲಿ, ಕೆಲಸವೂ ಹೋಗಲಿ... ಇವರೊಬ್ಬರು ಇರಲಿ!’

ತನ್ನ ಯೋಚನೆಗೆ ತಾನೇ ಬೆಚ್ಚಿದಳು.

“ಇಲ್ಲಿ... ಮುಂದೆ ಬರಬೇಡಿ, ನೆಲ ಗಟ್ಟಿ ಇಲ್ಲ!”

ಹುಲ್ಲಿನಾಚೆ ಅವನು ತೊಡೆಯವರೆಗೆ ಹೂತು ನಿಂತಿದ್ದ. ಒಂದು ಕೈ ಮೇಲೆತ್ತಿದ್ದ, ಅದರಲ್ಲಿ ಒಂದು ಪುಟ್ಟ ಗಿಡ.

“ಎರಡು ಗಂಟೆಯಿಂದ ಕಾಲು ಮೇಲೆ ಬರ್ತಿಲ್ಲ. ಫೋನು ಕೆಸರು ಪಾಲಾಯ್ತು. ಮೊದಲು ಇದನ್ನ ಹಿಡ್ಕೊಳ್ಳಿ.”

“ಮೊದಲು ನಿಮ್ಮ ಕೈ ಕೊಡಿ!” ಅವಳು ಕಿರುಚಿಯೇಬಿಟ್ಟಳು.

ದಂಡೆಯಲ್ಲಿ ಬಿದ್ದಿದ್ದ ಹಲಗೆ ಎಳೆದು ತಂದು, ಅದರ ಮೇಲೆ ಮಂಡಿಯೂರಿ, ಉಸಿರು ಕಟ್ಟಿ ಜಗ್ಗಿದಳು. ಒಮ್ಮೆ... ಎರಡು ಬಾರಿ... ಮೂರನೆಯ ಸಲಕ್ಕೆ ಕೆಸರು ಅವನನ್ನು ಬಿಟ್ಟುಕೊಟ್ಟಿತು.

ಇಬ್ಬರೂ ದಂಡೆಯ ಮೇಲೆ ಕುಸಿದು ಕುಳಿತರು. ಅವಳಿಗೆ ಅಳು ಬಂತು.

“ಹಾಳೆ ನೋಡಿದೆ ಸರ್. ತಪ್ಪು ನನ್ನದೇ. ನಿಮ್ಮನ್ನ ಆ ಜೀಪಲ್ಲಿ ನೋಡಿ ಏನೇನೋ ಅಂದ್ಕೊಂಡಿದ್ದೆ...”

“ಸಭೆ ಮುಗಿಯೋವರೆಗೆ ಯಂತ್ರ ಇಳಿಸಬೇಡಿ ಅಂತ ಕೇಳ್ಕೊಳ್ಳೋಕೆ ಹೋಗಿದ್ದೆ. ಒಪ್ಪಿದರು, ಬರುವಾಗ ಜೀಪಲ್ಲಿ ತಂದು ಬಿಟ್ಟರು.” ಅವನು ಉಸಿರು ತೆಗೆದುಕೊಂಡ. “ಹಾಳೆ ತಪ್ಪು ಅಂದೆ, ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಾನು ಅನ್ನಲಿಲ್ಲವಲ್ಲ. ಹಾಳೆ ಜೊತೆ ಇಟ್ಟಿದ್ದ ನಿಮ್ಮ ನೋಟ್ ಪುಸ್ತಕದಲ್ಲಿ ಆ ಪುಟ್ಟ ಎಲೆಯ ಅಂಚು ನುಣುಪು ಅಂತ ಬರೆದಿದ್ರಿ. ಕಣ್ಣಾರೆ ನೋಡದೆ ಯಾರೂ ಹಾಗೆ ಬರೆಯೋಕಾಗಲ್ಲ. ಅದನ್ನೇ ನಂಬಿ ಹುಡುಕ್ತಿದ್ದೆ.”

ಅವಳು ಅವನ ಚೀಲದಲ್ಲಿದ್ದ ಭೂತಕನ್ನಡಿ ತೆಗೆದು ಗಿಡ ನೋಡಿದಳು. ಅಂಚು ನುಣುಪು. ಒಂದೇ ಒಂದು ಕೂದಲಿಲ್ಲ!

ಹನ್ನೊಂದಕ್ಕೆ ಸರಿಯಾಗಿ ಇಬ್ಬರೂ ಕೆಸರುಡುಪಿನಲ್ಲೇ ಸಭೆಗೆ ನುಗ್ಗಿದರು. ಅವಳ ಎದೆ ಡವಗುಟ್ಟುತ್ತಿತ್ತು. ಆದರೂ ಮೊದಲು ಎದ್ದು ನಿಂತವಳು ಅವಳೇ.

“ಹಾಳೆಯಲ್ಲಿರೋ ಗಿಡ ತಪ್ಪು. ನಾನೇ ಮಾಡಿದ ತಪ್ಪು. ನಿಜವಾದದ್ದು ಇದು, ಈಗಷ್ಟೇ ಅಲ್ಲಿಂದಲೇ ತಂದಿದ್ದು.”

ಭೂತಕನ್ನಡಿ ಕೈಯಿಂದ ಕೈಗೆ ಹೋಯಿತು. ಅವಳಿಗೆ ಒಂದೊಂದು ಕ್ಷಣವೂ ಯುಗವಾಯಿತು. ಕೊನೆಗೆ ಅಧ್ಯಕ್ಷರು ರಸ್ತೆ ಜೌಗನ್ನು ಸುತ್ತಿ ಹೋಗಲಿ ಎಂದು ಬರೆಸಿದರು. ಸಂಗ್ರಹಾಲಯದ ಮುಖ್ಯಸ್ಥರು ಅವಳಿಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟರು, ಕೆಲಸದಿಂದ ತೆಗೆಯಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನು ಕುಳಿತಿದ್ದ.

“ನನ್ನ ಕೆಲಸ ಮುಗೀತು. ನಾಲ್ಕು ಗಂಟೆ ಬಸ್ಸಿಗೆ ಹೊರಡಬೇಕು,” ಎಂದ. ಆದರೆ ಏಳಲಿಲ್ಲ.

“ಹೊರಡಲೇಬೇಕಾ?”

“ಇರೋಕೆ ಏನಾದರೂ ಕಾರಣ ಬೇಕಲ್ಲ...”

ಸಭೆಯಲ್ಲೂ ಅವಳು ಇಷ್ಟು ಹೆದರಿರಲಿಲ್ಲ. ಕಣ್ಣು ಮುಚ್ಚಿ ಹೇಳಿಬಿಟ್ಟಳು.

“ನಾನು ಇದ್ದೀನಿ ಅನ್ನೋ ಕಾರಣ ಸಾಲದಾ?”

ಅವನು ತಲೆ ತಗ್ಗಿಸಿ ಅಂಗೈಯ ಕೆಸರು ಉಜ್ಜತೊಡಗಿದ. ಅಯ್ಯೋ, ಏನಂದುಬಿಟ್ಟೆ!

“ಕೆಸರಲ್ಲಿ ಸಿಕ್ಕಿಕೊಂಡಾಗ ಒಂದೇ ಯೋಚನೆ ಕಣ್ರೀ,” ಎಂದ ಕೊನೆಗೆ, ದನಿ ಒಡೆದಿತ್ತು. “ನಿಮ್ಮನ್ನ ಒಂದು ಮಾತು ಕೇಳೋದು ಬಾಕಿ ಉಳಿದುಬಿಡುತ್ತಲ್ಲ ಅಂತ...”

ಅವಳು ಪಕ್ಕದಲ್ಲಿ ಕುಳಿತು, ಅವನ ಕೈ ಮೇಲೆ ಕೈ ಇಟ್ಟಳು.

“ಈಗ ಕೇಳಿ.”

“ನನ್ನ ಜೊತೆ ಇರ್ತೀರಾ?”

“ಇರ್ತೀನಿ,” ಎಂದಳು ಅವಳು. “ಹೂಂ... ಇರ್ತೀನಿ.”