ಹರಕೆಯಲ್ಲ, ಹಾರ್ಕನ್

"ದಾಕ್ಷಾಯಣಿ, ಹಾರ್ಕನ್!"

ನೀರು ಸೇದುತ್ತಿದ್ದ ದಾಕ್ಷಾಯಣಿಯ ಕೈ ಹಗ್ಗದ ಮೇಲೇ ನಿಂತಿತು. ಬಾವಿಯ ಆಚೆ ಬದಿಗೆ ಪಕ್ಕದ ಮನೆಯ ಚನ್ನಮಲ್ಲಯ್ಯ, ಮಧುಗಿರಿಯ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಇಷ್ಟು ದಿನ ಕಣ್ಣಲ್ಲೇ ಮಾತಾಡಿದ ಪುಣ್ಯಾತ್ಮ ಅಂತೂ ಬಾಯಿ ಬಿಟ್ಟಿದ್ದ! ಆದರೆ ಕನ್ನಡದಲ್ಲಿ ಹೇಳಲು ಎದೆ ಸಾಲದೆ ಇಂಗ್ಲಿಷಿನ ಮರೆಗೆ ಹೋಗಿದ್ದ.

"ಹರಕೆನಾ?" ಅಂದಳು ಅವಳು.

ತನ್ನ ಪದವನ್ನೇ ಅವಳು ತೊದಲುತ್ತಿದ್ದಾಳೆಂದುಕೊಂಡು ಅವನು ತಲೆಯಾಡಿಸಿದ. "ಹೂಂ. ಮೊದ್ಲು ಅದು. ಆಮೇಲೆ ಮಿಕ್ಕಿದ್ ಮಾತು..."

"ನೀರು ತರಕ್ಕೆ ಇಷ್ಟೊತ್ತೇನೇ?" ಒಳಗಿನಿಂದ ಅಜ್ಜಿ ಲಕ್ಕಮ್ಮ ಕೂಗಿದಳು. ದಾಕ್ಷಾಯಣಿ ಬಿಂದಿಗೆ ಎತ್ತಿಕೊಂಡು ಹೊರಟುಹೋದಳು.

'ಏನೋ ಹರಕೆ ಹೊತ್ತಿದ್ದಾರೆ... ತೀರುವವರೆಗೂ ಮದುವೆಯ ಮಾತಾಡರು. ಕಾಯುತ್ತೇನೆ,' ಅಂದುಕೊಂಡಳು ಅವಳು.

'ತಿರುಗಿಯೂ ನೋಡದೆ ಹೋದಳಲ್ಲ... ನಾನು ಬೇಡವಾದೆ,' ಅಂದುಕೊಂಡ ಅವನು. ಅಂದಿನಿಂದ ಬಾವಿಯ ಕಡೆ ಬರುವುದನ್ನೇ ಬಿಟ್ಟ.

ರಾಗಿ ಕೊಯ್ಲು ಮುಗಿಯಿತು. ತಂದೆತಾಯಿ ಇಲ್ಲದ ಹುಡುಗಿಗೆ ಅಜ್ಜಿ ಸಿರಾದ ಗಂಡನ್ನು ಗೊತ್ತುಮಾಡಿದಳು. ನಾಳೆ ವೀಳ್ಯಶಾಸ್ತ್ರ! ವೀಳ್ಯ ಬದಲಾದ ಮೇಲೆ ಮಾತು ಹಿಂತೆಗೆಯುವಂತಿಲ್ಲ.

ಮಹಾರಾಜರ ವರ್ಧಂತಿಗೆ ಅಂದು ಶಾಲೆಗೆ ರಜೆ. ಹಿತ್ತಲ ಜಗಲಿಯಲ್ಲಿ ಕೂತಿದ್ದ ಮೇಷ್ಟ್ರ ಮುಂದೆ ದಾಕ್ಷಾಯಣಿ ಕುಂಟುತ್ತಾ ಬಂದು ನಿಂತಳು.

"ನಿಮ್ಮ ಹರಕೆ ತೀರಿಸಿದೀನಿ ಮೇಷ್ಟ್ರೇ. ಏನು ಹೊತ್ತಿದ್ರೋ ಗೊತ್ತಿಲ್ಲ. ಬರಿಗಾಲಲ್ಲಿ ಸಿದ್ದರಬೆಟ್ಟ ಹತ್ಬಂದೆ. ಇನ್ನಾದ್ರೂ ಮಾತಾಡಿ..."

ಅವಳ ಪಾದಗಳ ತುಂಬ ಬೊಬ್ಬೆ.

"ಯಾವ ಹರಕೆ?"

"ಮೊದ್ಲು ಹರಕೆ, ಆಮೇಲೆ ಮಿಕ್ಕಿದ್ ಮಾತು ಅಂದ್ರಲ್ಲ ಬಾವಿ ಹತ್ರ!"

ಆ ಪಾದಗಳನ್ನು ನೋಡಿ ಚನ್ನಮಲ್ಲಯ್ಯನ ಕಣ್ಣು ತುಂಬಿತು.

"ಹರಕೆ ಅಲ್ಲ ಕಣೇ... ಹಾರ್ಕನ್. ಇಂಗ್ಲಿಷ್ನೋರ ಹಳೇ ಕಾಲದ ಮಾತು, ಈಗ ಪದ್ಯದಲ್ಲಷ್ಟೇ ಉಳ್ಕೊಂಡಿದೆ. ಕೇಳೋದಕ್ಕೆ ಹಿಯರ್ ಅಂತಾರಲ್ಲ, ಅದರ ಬೇರಿಂದಾನೇ ಬಂದದ್ದು. ಸುಮ್ನೆ ಕಿವಿಗೆ ಬಿದ್ರೆ ಹಿಯರ್. ಮನಸ್ಸಿಟ್ಟು ಆಲಿಸಿದ್ರೆ ಹಾರ್ಕನ್."

"ಅಯ್ಯೋ... ನಾನು ಆಲಿಸ್ಲೇ ಇಲ್ವಲ್ಲ!" ಅವಳು ಬಿಕ್ಕಿದಳು.

"ನಾನೂ ಅಷ್ಟೇ. ನೀನು ಸುಮ್ನೆ ಹೋದೆ, ಯಾಕೆ ಅಂತ ಒಂದ್ಮಾತು ವಿಚಾರಿಸ್ಲಿಲ್ಲ."

"ನಾಳೆ ಸಿರಾದೋರು ಬತ್ತಾರೆ..."

"ಈಗ್ಲೇ ನಿಮ್ಮಜ್ಜೀನ ಕೇಳ್ತೀನಿ!" ಅವನು ಧಡಕ್ಕನೆ ಎದ್ದ.

"ಏನ್ ಕೇಳ್ತೀಯಪ್ಪಾ?" ಹಿತ್ತಲ ಬಾಗಿಲಲ್ಲಿ ಲಕ್ಕಮ್ಮ ನಿಂತಿದ್ದಳು. ಮೊಮ್ಮಗಳ ಪಾದಗಳನ್ನೇ ನೋಡುತ್ತಿದ್ದಳು. "ಬೆಟ್ಟಕ್ಕೆ ಓಗಿದ್ದು ಇದಕ್ಕೇನೇ ತಾಯಿ? ನಂಗೊಂದು ಮಾತು ಯೋಳಬಾರ್ದಿತ್ತಾ? ಬುಡು, ಬರ್ಬ್ಯಾಡಿ ಅಂತ ಸಿರಾಕ್ಕೆ ಇವತ್ತೇ ಯೋಳ್ಕಳಿಸ್ತೀನಿ." ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಇಬ್ಬರೇ ಉಳಿದರು.

"ಈಗ ನನ್ನ ಕೇಳಿ," ಅಂದಳು ದಾಕ್ಷಾಯಣಿ. "ಕನ್ನಡದಲ್ಲಿ."

"ನನ್ನ ಮದ್ವೆ ಆಗ್ತೀಯಾ?"

"ಹೂಂ..." ಅವಳು ಅಳುತ್ತಲೇ ನಕ್ಕಳು. "ಈ ಸಲ ಸರಿಯಾಗಿ ಕೇಳಿಸ್ತು."