ಚಪ್ಪಾಳೆ ಬಿದ್ದ ಕೊಲೆ

ಶನಿವಾರ ಸಂಜೆ, ಏಳಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಕೈಗಳು ಮೊಣಕೈವರೆಗೂ ಕೆಂಪಾಗಿದ್ದವು. ಬಾಗಿಲಲ್ಲಿದ್ದ ಕಾನ್ಸ್‌ಟೇಬಲ್ ಅವನನ್ನು ನೋಡಿ ನಕ್ಕುಬಿಟ್ಟ. ದಿನಾ ಸಂಜೆ ಕಪ್ಪು ನಿಲುವಂಗಿ ತೊಟ್ಟು, ಕೆಂಪು ನೀರು ಚೆಲ್ಲಿಕೊಂಡು ಕೊಲೆಗಾರನ ವೇಷ ಹಾಕುವ ಹುಡುಗ ಅವನೆಂದು ಊರಿಗೇ ಗೊತ್ತಿತ್ತು. ಇವತ್ತು ಶರಣಾಗೋದಕ್ಕೆ ಬಂದೆಯೇನಪ್ಪಾ ಎಂದು ಕಾನ್ಸ್‌ಟೇಬಲ್ ಕೇಳಿದ. ಹುಡುಗ ಗೋಡೆ ಹಿಡಿದುಕೊಂಡು ಕುಸಿದ. ಗೋಡೆಯ ಮೇಲೆ ಅವನ ಬೆರಳುಗಳು ಉದ್ದಕ್ಕೆ ಗೀರಿದವು.

ಒಳಗಿಂದ ಇನ್ಸ್‌ಪೆಕ್ಟರ್ ಎದ್ದು ಬಂದಳು. ಬಣ್ಣದ ನೀರಿಗೆ ವಾಸನೆ ಇರುವುದಿಲ್ಲ. ಇದಕ್ಕಿತ್ತು.

"ಭಾವನ್ನ ಕೊಚ್ಚಿ ಹಾಕಿದಾರೆ ಮೇಡಂ," ಎಂದ ಅವನು. "ನಾನಲ್ಲ. ನಾನು ಹೋಗೋಷ್ಟರಲ್ಲಿ ಆಗಿಹೋಗಿತ್ತು. ಜನ ಚಪ್ಪಾಳೆ ತಟ್ಟಿ ವಾಪಸ್ ಹೋಗ್ತಾ ಇದ್ರು."

ಅವನ ಭಾವನಿಗೆ ಊರಿನಲ್ಲಿ ದೆವ್ವದ ಮೇಷ್ಟ್ರು ಎಂದೇ ಹೆಸರು. ಹಳೇ ಪೇಟೆಯ ಗಲ್ಲಿಗಳಲ್ಲಿ ಎಂದೋ ನಡೆದ ಕೊಲೆ, ನೇಣು, ವಿಷಪ್ರಾಶನಗಳನ್ನು ಕತೆ ಕಟ್ಟಿ, ಪರಸ್ಥಳದಿಂದ ಬಂದವರನ್ನು ಸಂಜೆ ಕಾಲ್ನಡಿಗೆಯಲ್ಲಿ ಕರೆದೊಯ್ದು ತೋರಿಸುವುದು ಅವನ ಕಸುಬು. ಕೊನೆಯ ನಿಲ್ದಾಣ ಒಂದು ಹಳೇ ಮಹಡಿ ಮನೆ. ಅಲ್ಲಿ ಕತೆ ಮುಗಿಯುತ್ತಿದ್ದ ಹಾಗೇ ಮೈದುನ ಕತ್ತಲಿನಿಂದ ಹಾರಿ ಬಂದು ರಟ್ಟಿನ ಕೊಡಲಿಯಿಂದ ಮೇಷ್ಟ್ರನ್ನು 'ಕೊಲ್ಲುತ್ತಿದ್ದ'. ಏನೇ ನೋಡಿದರೂ ಹತ್ತಿರ ಬರಕೂಡದು, ಚಪ್ಪಾಳೆ ತಟ್ಟಿ ಬೆನ್ನು ತಿರುಗಿಸಿ ದೀಪದ ಕಂಬದವರೆಗೆ ನಡೆಯಬೇಕು ಎಂದು ಮೇಷ್ಟ್ರು ಮೊದಲೇ ಕಟ್ಟಪ್ಪಣೆ ಮಾಡಿರುತ್ತಿದ್ದ. ಆ ಸಂಜೆಯೂ ಜನ ಹೇಳಿದ ಮಾತು ಮೀರಲಿಲ್ಲ.

ಎಫ್‌ಐಆರ್ ದಾಖಲಿಸಿ, ಹುಡುಗನನ್ನು ಠಾಣೆಯಲ್ಲೇ ಕೂರಿಸಿ, ಇನ್ಸ್‌ಪೆಕ್ಟರ್ ದಫೇದಾರನನ್ನು ಕರೆದುಕೊಂಡು ಸ್ಥಳಕ್ಕೆ ಹೋದಳು. ಮೇಷ್ಟ್ರು ಚರಂಡಿಯ ಅಂಚಿನಲ್ಲಿ ಮುಖ ಮೇಲಾಗಿ ಬಿದ್ದಿದ್ದ. ತಲೆ ಕಲ್ಲಂಗಡಿ ಒಡೆದ ಹಾಗೆ ಬಾಯಿಬಿಟ್ಟಿತ್ತು. ತಡೆಯಲು ಹೋದ ಬಲಗೈಯ ಎರಡು ಬೆರಳು ತುಂಡಾಗಿ ಕಲ್ಲುಹಾಸಿನ ಸಂದಿಯಲ್ಲಿದ್ದವು. ರಕ್ತದ ವಾಸನೆ ಹಿಡಿದು ಬಂದ ನಾಯಿಯೊಂದನ್ನು ದಫೇದಾರ ಲಾಠಿಯಿಂದ ಅಟ್ಟಿದ. ಇಬ್ಬರು ಪಂಚರ ಎದುರು ಪಂಚನಾಮೆ ಬರೆಸಿದರು. ರಟ್ಟಿನ ಕೊಡಲಿ ಗೋಡೆಗೆ ಒರಗಿತ್ತು, ಕೆಂಪು ನೀರಿನ ಬಾಟಲಿ ಮುಚ್ಚಳ ತೆರೆಯದೆ ತುಂಬಿತ್ತು. ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗಿರುತ್ತಿದ್ದ ನಿಲುವಂಗಿ ಮಾತ್ರ ಕಾಣಲಿಲ್ಲ.

ನಡಿಗೆಗೆ ಬಂದಿದ್ದವರನ್ನು ವಸತಿಗೃಹಗಳಿಂದ ಒಬ್ಬೊಬ್ಬರನ್ನಾಗಿ ಕರೆಸಿದರು. ಮೊದಮೊದಲು ಇದೂ ಆಟದ ಒಂದು ಭಾಗವಿರಬೇಕೆಂದು ಅವರು ನಗುತ್ತಲೇ ಬಂದರು. ನಿಜ ತಿಳಿದ ಮೇಲೆ ಒಬ್ಬಾತ ಅಂಗಳದಲ್ಲೇ ವಾಂತಿ ಮಾಡಿಕೊಂಡ. ಎಲ್ಲರದೂ ಒಂದೇ ಮಾತು: ಕಪ್ಪು ಬಟ್ಟೆಯವನು ಬಂದ, ಹೊಡೆದ, ಮೇಷ್ಟ್ರು ತುಂಬಾ ಚೆನ್ನಾಗಿ ಕಿರುಚಿದ. ದಪ್ಪಗಿನ ಹೆಂಗಸೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೂತಿದ್ದಳು. ತನ್ನ ಸರದಿ ಬಂದಾಗ ಸೆರಗು ಇಳಿಸಿದಳು.

"ನಾನು ಒನ್ಸ್ ಮೋರ್ ಅಂದೆ ಮೇಡಂ. ಕೂಗಿ ಹೇಳಿದೆ. ಅವನು ಇನ್ನೊಂದು ಸಲ ಹೊಡೆದ."

ಹುಡುಗನ ಮೇಲೆ ಅನುಮಾನ ಬರದೆ ಇರಲು ಕಾರಣವೇ ಇರಲಿಲ್ಲ. ಆ ಮಧ್ಯಾಹ್ನ ಚಹದಂಗಡಿಯಲ್ಲಿ ಭಾವನ ಜೊತೆ ಅವನು ಜಗಳವಾಡಿದ್ದ. ಈ ದರಿದ್ರ ವೇಷ ಸಾಕು, ಒಂದು ದಿನ ನಿಜವಾಗಿಯೇ ಕೊಡಲಿ ಏಟು ಹಾಕ್ತೀನಿ ನೋಡು ಎಂದು ನಾಲ್ಕು ಜನರ ಎದುರು ಹೇಳಿದ್ದ. ಸಂಜೆ ತಡವಾದದ್ದು ಯಾಕೆ ಎಂದರೆ ಸೈಕಲ್ಲಿನ ಚೈನು ಕಳಚಿತ್ತು ಎನ್ನುತ್ತಿದ್ದ. ಕಳಚಿದ್ದನ್ನು ನೋಡಿದವರಿಲ್ಲ. ಕೈಮೇಲಿನ ರಕ್ತ ಭಾವನನ್ನು ಎತ್ತಲು ಹೋದಾಗ ಅಂಟಿದ್ದು ಎನ್ನುತ್ತಿದ್ದ. ಅದನ್ನೂ ನೋಡಿದವರಿಲ್ಲ. ಮೇಲಿನ ಸಾಹೇಬರು ಫೋನು ಮಾಡಿ, ಇಷ್ಟು ಜನ ಸಾಕ್ಷಿಗಳಿರುವಾಗ ಇನ್ನೇನು ಹುಡುಕುತ್ತಿದ್ದೀರಿ, ನಾಳೆ ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಎಂದರು.

ಮೇಷ್ಟ್ರ ಹೆಂಡತಿ ಬಂದಳು. ಅಳು ಅವಳಿಗೆ ಇನ್ನೂ ಬಂದಿರಲಿಲ್ಲ. ತಮ್ಮನನ್ನು ಕೂರಿಸಿದ್ದ ಕೋಣೆಯ ಕಡೆಗೊಮ್ಮೆ ನೋಡಿ, ಇನ್ಸ್‌ಪೆಕ್ಟರಿಗೆ ಇಷ್ಟೇ ಹೇಳಿದಳು:

"ಕೋಳಿ ಕುಯ್ಯೋ ಕಡೆ ತಲೆ ಹಾಕೋನಲ್ಲ ಅವನು. ಗಂಡ ಹೋದ. ತಮ್ಮನ್ನೂ ನೀವು ತಗೊಂಡ್ರೆ ನಾನು ಯಾರ ಮುಖ ನೋಡ್ಕೊಂಡು ಬದುಕಲಿ ತಾಯಿ?"

ಭಾನುವಾರ ಬೆಳಿಗ್ಗೆ ಮರಣೋತ್ತರ ಪರೀಕ್ಷೆ ಮುಗಿಯಿತು. ವೈದ್ಯರು ಕೈಗವಸು ಬಿಚ್ಚುತ್ತಾ ತಮ್ಮದೇ ನೆತ್ತಿಯ ಮೇಲೆ ಬೆರಳಿಟ್ಟು ತೋರಿಸಿದರು. ಎದುರು ನಿಂತು ಕೊಡಲಿ ಬೀಸಿದರೆ ಗಾಯ ಹಣೆಯಿಂದ ಹಿಂದಕ್ಕೆ ಉದ್ದುದ್ದ ಸೀಳಬೇಕು. ಇದು ಕಿವಿಯಿಂದ ಕಿವಿಗೆ ಅಡ್ಡ ಸೀಳಿದೆ. ಅಲಗು ಅಗಲ, ಬಹಳ ಹರಿತ, ಹಿಡಿಗೆ ಅಡ್ಡವಾಗಿ ಕೂತದ್ದು.

"ಅಂದ್ರೆ ಗುದ್ದಲಿನಾ?" ಎಂದು ದಫೇದಾರ ಕೇಳಿದ.

"ಗುದ್ದಲಿ ಇಷ್ಟು ಹರಿತ ಎಲ್ಲಿರುತ್ತಪ್ಪಾ? ಕ್ಷೌರ ಮಾಡಬಹುದು ಇದರಲ್ಲಿ."

ಮರ ಕೆತ್ತುವ ಬಾಚಿ ಇರಬೇಕೆಂದು ಇನ್ಸ್‌ಪೆಕ್ಟರಿಗೆ ಹೊಳೆಯಿತು. ಆದರೆ ಊರಿನಲ್ಲಿ ಬಾಚಿಗೇನು ಬರ? ಠಾಣೆಗೆ ಬಂದು, ನಡಿಗೆಗೆ ಬಂದಿದ್ದ, ಹೊಸದಾಗಿ ಮದುವೆಯಾದ ದಂಪತಿ ಮೊಬೈಲಿನಲ್ಲಿ ಹಿಡಿದಿದ್ದ ವೀಡಿಯೊವನ್ನು ಮತ್ತೆ ಹಾಕಿಸಿದಳು. ಕತ್ತಲಲ್ಲಿ ಮುಖ ಕಾಣುವುದಿಲ್ಲ, ಮಾತು ಮಾತ್ರ ಸ್ಪಷ್ಟ. ಮನೆಯಲ್ಲಿ ತನ್ನ ಮಗನನ್ನು ಮಲಗಿಸುವಾಗ ಕತೆಯ ಒಂದು ಸಾಲು ಅತ್ತಿತ್ತ ಆದರೂ ಅವನು ಎದ್ದು ಕೂತು ತಿದ್ದುತ್ತಾನೆ. ದಿನಾ ಹೇಳುವ ಕತೆಗೆ ಅದರದೇ ಜಾಡು ಇರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹುಡುಗನನ್ನು ಕರೆಸಿ, ಕೊನೆಯ ಕತೆಯಲ್ಲಿ ನೀನು ಯಾವ ಮಾತಿಗೆ ಹೊರಗೆ ಹಾರುತ್ತೀಯ ಎಂದು ಕೇಳಿದಳು.

ನಿದ್ದೆಯಿಲ್ಲದ ಹುಡುಗ ಪಾಠ ಒಪ್ಪಿಸುವ ಹಾಗೆ ಕಣ್ಣು ಮುಚ್ಚಿ ಹೇಳಿದ. ಈ ಮನೆಯಲ್ಲಿ ಒಬ್ಬ ಚೆಲುವೆ ಇದ್ದಳು. ಗಂಡ ಇಲ್ಲದಾಗ ಮಿಂಡನನ್ನು ಕರೆಸಿಕೊಳ್ಳುತ್ತಿದ್ದಳು. ಅಡ್ಡಿಯಾಗದಿರಲಿ ಎಂದು ಹೆತ್ತ ಮಗುವನ್ನೇ ಬೀರುವಿನಲ್ಲಿ ಹಾಕಿ ಬೀಗ ಜಡಿದಳು. ಗಂಡ ಬಂದು ಇಬ್ಬರನ್ನೂ ನೋಡಿದ, ಅವಳನ್ನು ಕೊಡಲಿಯಿಂದ ಕಡಿದ. ಅವಳು ಇಂದಿಗೂ ಮಿಂಡನಿಗೆ ಕಾಯುತ್ತಾ ಇಲ್ಲೇ ತಿರುಗುತ್ತಾಳೆ. "'ತಿರುಗುತ್ತಾಳೆ' ಅಂದ ತಕ್ಷಣ ನಾನು ಹಾರಬೇಕು ಮೇಡಂ. ಅದಕ್ಕಿಂತ ಮುಂಚೆ ಹಾರಿದ್ರೆ ಭಾವ ಬೈತಿದ್ರು."

ವೀಡಿಯೊದಲ್ಲಿ ಕತೆ ಅಲ್ಲಿಗೆ ಮುಟ್ಟಿಯೇ ಇರಲಿಲ್ಲ. ಮಗುವನ್ನು ಬೀರುವಿನಲ್ಲಿ ಹಾಕಿದಳು ಎಂಬ ಮಾತಿನ ನಡುವೆಯೇ ಮೊದಲ ಏಟು ಬಿದ್ದಿತ್ತು.

ಇನ್ಸ್‌ಪೆಕ್ಟರ್ ದಫೇದಾರನ ಕಡೆ ತಿರುಗಿದಳು. ಅವನು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಮಾತಿಗೊಂದು ನಗೆಚಟಾಕಿ ಹಾರಿಸುವ ಮನುಷ್ಯ ಅಂದು ನಗಲಿಲ್ಲ. ಕತೆಯೆಲ್ಲ ಸುಳ್ಳು, ಕೊಲೆಯೂ ಬೀರುವಿನ ಮಗುವೂ ಮಾತ್ರ ನಿಜ ಎಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಗೋಡೆ ಬೀರುವಿನ ಬಾಗಿಲು ಒಡೆದವರಲ್ಲಿ ಅವನೂ ಒಬ್ಬ. ಐದು ವರ್ಷದ ಗಂಡು ಮಗು ಉಚ್ಚೆಯಲ್ಲಿ ನೆಂದು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿತ್ತು. ಮಿಂಡ ಗಿಂಡ ಯಾರೂ ಇರಲಿಲ್ಲ. ಗಂಡನಿಗೆ ಸಂಶಯದ ಪಿಶಾಚಿ ಹಿಡಿದಿತ್ತು, ಅಷ್ಟೆ. ಅವನು ಜೈಲಿನಲ್ಲೇ ಸತ್ತ. ಮಗುವನ್ನು ಸೋದರಮಾವ ದೂರದ ಊರಿಗೆ ಕರೆದುಕೊಂಡು ಹೋದ.

"ಆ ಮನೇಲಿ ಈಗ ಯಾರಿದಾರೆ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು.

ಯಾರೂ ಇಲ್ಲ, ಹೊಸ ಮಾಲೀಕ ರಿಪೇರಿ ಮಾಡಿಸುತ್ತಿದ್ದಾನೆ ಎಂದು ಹುಡುಗ ಹೇಳಿದ. ಮಹಡಿಯ ಮೇಲೆ ಹೊರ ಊರಿನ ಬಡಗಿಯೊಬ್ಬ ಇದ್ದಾನೆ, ಮಾತು ಕಡಿಮೆ.

ಮಧ್ಯಾಹ್ನದ ಹೊತ್ತಿಗೆ ಇನ್ಸ್‌ಪೆಕ್ಟರ್, ದಫೇದಾರ, ಇಬ್ಬರು ಕಾನ್ಸ್‌ಟೇಬಲ್‌ಗಳು ಮರದ ಮೆಟ್ಟಿಲು ಹತ್ತಿದರು. ಬಡಗಿ ಹಲಗೆಯೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ವಯಸ್ಸು ಮೂವತ್ತರ ಆಚೆ ಈಚೆ. ಪೊಲೀಸರನ್ನು ಕಂಡು ಕೈ ನಿಲ್ಲಿಸಿದ, ಬೆದರಲಿಲ್ಲ. ಹೆಸರು, ಊರು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟ. ಶನಿವಾರ ಸಂಜೆ ಎಲ್ಲಿದ್ದೆ ಎಂದರೆ, ಇಲ್ಲೇ ಎಂದ. ಬಾಚಿ ಎಲ್ಲಿ ಎಂದರೆ, ಚೀಲದ ಕಡೆ ಕಣ್ಣು ಹಾಯಿಸಿದ. ಅಷ್ಟರಲ್ಲಿ ಒಬ್ಬ ಕಾನ್ಸ್‌ಟೇಬಲ್ ಕಾಲಿನಿಂದ ಮರದ ಹೊಟ್ಟಿನ ರಾಶಿ ಕೆದಕಿದ. ಕಪ್ಪು ಬಟ್ಟೆಯ ತುದಿ ಹೊರಗೆ ಬಂತು, ರಕ್ತ ಒಣಗಿ ಸೆಟೆದುಕೊಂಡಿತ್ತು. ಇನ್ನೊಬ್ಬ ಗೋಡೆ ಬೀರುವಿನ ಹಿಡಿಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡಿ," ಎಂದ ಬಡಗಿ.

ಕಾನ್ಸ್‌ಟೇಬಲ್ ಬಾಗಿಲು ಎಳೆದ. ಬಡಗಿ ಚೀಲದಿಂದ ಬಾಚಿ ಸೆಳೆದು ಒಂದೇ ನೆಗೆತಕ್ಕೆ ಅವನ ಮೇಲೆ ಬಿದ್ದ. ಏಟು ತೋಳಿಗೆ ಬಿತ್ತು, ಮಾಂಸ ಬಾಳೆಯ ಸಿಪ್ಪೆಯಂತೆ ಕೆಳಗೆ ಜೋತಿತು. ಎರಡನೆಯ ಏಟು ಬೀರುವಿನ ಬಾಗಿಲಿಗೆ ಕಚ್ಚಿಕೊಂಡಿತು. ಅದನ್ನು ಕೀಳುವಷ್ಟರಲ್ಲಿ ಇನ್ಸ್‌ಪೆಕ್ಟರ್ ಅವನ ಮಂಡಿಗೆ ಒದ್ದಳು. ಅವನು ಬಿದ್ದ, ಬಿದ್ದಲ್ಲೇ ಹೊರಳಿ ಅವಳ ಕಾಲೆಳೆದು ಕೆಡವಿ ಕುತ್ತಿಗೆ ಹಿಸುಕಿದ. ಕಣ್ಣು ಕತ್ತಲಿಟ್ಟು ಅವಳ ಉಸಿರು ಕಟ್ಟಿತು. ದಫೇದಾರ ಲಾಠಿ ಎತ್ತಿದವನು ಹೊಡೆಯಲಿಲ್ಲ. ಮೊಣಕಾಲೂರಿ ಕೂತು, ಬಡಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ಮಗಾ, ಇಲ್ಲಿ ನೋಡು. ಆ ಬೀರುವಿನಿಂದ ನಿನ್ನನ್ನ ಎತ್ತಿಕೊಂಡೋನು ನಾನು."

ಬಡಗಿಯ ಕೈ ಸಡಿಲವಾಯಿತು. ಬೇಡಿ ಹಾಕುವಾಗ ಅವನು ಮಿಸುಕಲಿಲ್ಲ. ಬಾಚಿಯನ್ನೂ ನಿಲುವಂಗಿಯನ್ನೂ ಪಂಚರ ಸಮಕ್ಷಮ ವಶಕ್ಕೆ ಪಡೆದು ಮೊಹರು ಮಾಡಿದರು. ಕಾನ್ಸ್‌ಟೇಬಲ್‌ನನ್ನು ಆಸ್ಪತ್ರೆಗೆ ಸಾಗಿಸಿದರು. ತೋಳು ಉಳಿಯುತ್ತದೆ ಎಂದು ಸಂಜೆಯ ಹೊತ್ತಿಗೆ ತಿಳಿಯಿತು.

ಮೇಷ್ಟ್ರ ಮೈದುನನನ್ನು ಮನೆಗೆ ಕಳಿಸಿದರು. ಅಕ್ಕ ಠಾಣೆಯ ಮೆಟ್ಟಿಲ ಮೇಲೆ ಅವನನ್ನು ತಬ್ಬಿಕೊಂಡು ಆಗ ಅತ್ತಳು.

ಬಡಗಿ ಎಲ್ಲವನ್ನೂ ಒಪ್ಪಿಕೊಂಡ. ಮನೆ ನೋಡಬೇಕೆಂಬ ಆಸೆಗೇ ಈ ಕೆಲಸ ಹಿಡಿದಿದ್ದ. ಬಂದ ಮೊದಲ ಸಂಜೆಯೇ ಕಿಟಕಿಯ ಕೆಳಗೆ ತನ್ನ ತಾಯಿಯ ಕತೆ ಕೇಳಿಸಿತು. ಕೆಲವು ದಿನ ಕಿವಿಗೆ ಹತ್ತಿ ತುರುಕಿಕೊಂಡ. ಕಡೆಗೆ ಮೇಷ್ಟ್ರನ್ನು ಕಂಡು, ತಾನು ಯಾರೆಂದು ಹೇಳಿ, ಅದೊಂದು ಕತೆ ಬಿಟ್ಟುಬಿಡಿ ಎಂದು ಬೇಡಿಕೊಂಡ. ಮೇಷ್ಟ್ರಿಗೆ ಖುಷಿಯಾಯಿತು. ಕತೆ ಮುಗಿಯುವಾಗ ನೀನೇ ಕೆಳಗಿಳಿದು ಬಾ, ಇವನೇ ಆ ಮಗು ಅಂತ ತೋರಿಸ್ತೀನಿ, ಜನ ಹುಚ್ಚೆದ್ದು ಹೋಗ್ತಾರೆ ಎಂದ. ವೇಷವಿಲ್ಲದೆ ಹೋಗಿದ್ದರೆ ಜನ ತಡೆಯುತ್ತಿದ್ದರು, ಅದಕ್ಕೇ ನಿಲುವಂಗಿ ತೊಟ್ಟೆ, ಆ ಹುಡುಗನ ತಲೆಗೆ ಕಟ್ಟಬೇಕೆಂದಲ್ಲ ಎಂದು ಬಡಗಿ ಎರಡೆರಡು ಸಲ ಹೇಳಿದ.

"ಅಷ್ಟಕ್ಕೇ ಕೊಂದೆಯಾ?" ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಕತ್ತಿನ ನೋವಿಗೆ ಅವಳ ದನಿ ಒಡೆದಿತ್ತು.

ಬಡಗಿ ಅಲ್ಲವೆಂದು ತಲೆಯಾಡಿಸಿದ.

"ಅಮ್ಮ ನನ್ನನ್ನ ಒಳಗೆ ತಳ್ಳಿ 'ಉಸಿರೆತ್ತಬೇಡ ಕಂದಾ' ಅಂದಿದ್ಲು. ನನ್ನ ಹತ್ರ ಅವಳದು ಅಂತ ಇದ್ದಿದ್ದು ಅದೊಂದೇ ಮಾತು. ದಿನಾ ಅವನ ಕತೆ ಕೇಳಿ ಕೇಳಿ, ಅವಳು ಕಾಪಾಡೋಕೆ ತಳ್ಳಿದ್ಲೋ, ಕಾಟ ತಪ್ಪಲಿ ಅಂತ ತಳ್ಳಿದ್ಲೋ ಅಂತ ನನಗೇ ಅನುಮಾನ ಬಂತು ಮೇಡಂ. ನಿನ್ನೆ ಅವಳ ಮಾತು ನೆನಪು ಮಾಡ್ಕೊಂಡ್ರೆ ಅವನ ದನಿ ಬಂತು."

ದಫೇದಾರ ಬಾಗಿಲ ಬಳಿಯಿಂದ ಬಂದು ಎದುರಿನ ಬೆಂಚಿನಲ್ಲಿ ಕೂತ. ಆ ದಿನ ಬೀರುವಿನ ಕೀಲಿಕೈ ಎಲ್ಲಿ ಹುಡುಕಿದರೂ ಸಿಗಲಿಲ್ಲ, ಅದಕ್ಕೇ ಬಾಗಿಲು ಒಡೆದದ್ದು ಎಂದ. ನಿಮ್ಮಪ್ಪ ಅದನ್ನು ಕೇಳಿ ಕೇಳಿ ಅವಳ ಬೆರಳು ಕಡಿದಿದ್ದ, ಮುಂಗೈ ಕಡಿದಿದ್ದ. ಆಸ್ಪತ್ರೆಯಲ್ಲಿ ವೈದ್ಯರು ಅವಳ ಬಿಗಿದ ಹಲ್ಲು ಬಿಡಿಸಲು ಕಷ್ಟಪಟ್ಟರು.

"ಕೀಲಿಕೈ ಅವಳ ಬಾಯಲ್ಲಿತ್ತು ಕಣಪ್ಪಾ. ಕಚ್ಚಿ ಹಿಡಿದಿದ್ಲು."

ಬಡಗಿ ತಲೆಯೆತ್ತಿ ದಫೇದಾರನನ್ನು ನೋಡಿದ. ಆಮೇಲೆ, ಸಿಟ್ಟಿಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ.

"ಇಷ್ಟು ದಿನ ನೀವೆಲ್ಲಿದ್ರಿ?"

ವರ್ಗವಾಗಿ ಊರೂರು ಸುತ್ತಿ ದಫೇದಾರ ಇದೇ ಠಾಣೆಗೆ ಮರಳಿ ವರ್ಷಗಳಾಗಿದ್ದವು. ಮೇಷ್ಟ್ರ ನಡಿಗೆ ದಿನಾ ಸಂಜೆ ಅವನ ಮುಂದೆಯೇ ಹಾದು ಹೋಗುತ್ತಿತ್ತು. ಆ ಮನೆಯ ಮುಂದೆ ಏನು ಹೇಳುತ್ತಾರೆಂದು ಅವನು ಒಮ್ಮೆಯೂ ಹೋಗಿ ಕೇಳಿರಲಿಲ್ಲ.

"ಎರಡು ಬೀದಿ ಆಚೆಗೇ ಇದ್ದೆ," ಎಂದ.

ಇನ್ಸ್‌ಪೆಕ್ಟರ್ ಹೇಳಿಕೆಯನ್ನು ಓದಿ ಹೇಳಿದಳು. ಸರಿಯಾಗಿದೆ ಎಂದು ಬಡಗಿ ಸಹಿ ಹಾಕಿದ.