ಮುಸುಕು ಹಾಕದ ಒಂದು ನಂಬರು

“ಹತ್ತನೇ ಕ್ಲಾಸೂ ದಾಟಿದ ಹಾಗೆ ಕಾಣಲ್ಲ ನೀನು. ಕಂಪ್ಯೂಟರ್ ವಿಷಯ ನಿನ್ನ ತಲೆಗೆ ಹೋಗುತ್ತೇನಯ್ಯಾ? ಬುದ್ಧಿ ಇರೋರನ್ನ ಕರಿ.”

ಬೆಳಿಗ್ಗೆ ಹತ್ತೂವರೆ. ಠಾಣೆಯ ಬೆಂಚಿನ ಮೇಲಿದ್ದ ಏಳೆಂಟು ಜನ ತಿರುಗಿ ನೋಡಿದರು. ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತಲಿಲ್ಲ.

“ಹೇಳಿ ಸಾರ್. ಎಷ್ಟು ಹೋಗುತ್ತೋ ಅಷ್ಟು ಬರ್ಕೋತೀನಿ.”

ದೂರುದಾರ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯ ಮ್ಯಾನೇಜರ್. ಅವನು ಕುಡಿತ ಬಿಡಲು ಚಿಕಿತ್ಸೆ ಪಡೆದ ವಿವರವನ್ನು ಯಾರೋ ಮುದ್ರಿಸಿ ಆಫೀಸಿನ ಲಿಫ್ಟ್ ಪಕ್ಕ ಅಂಟಿಸಿದ್ದರು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಎರಡಕ್ಕೆ ಇನ್ಸ್‌ಪೆಕ್ಟರ್ ಮೇಡಂ ಆ ಹಾಳೆಯನ್ನು ಆಸ್ಪತ್ರೆಯ ದಾಖಲೆಯೊಂದಿಗೆ ಹೋಲಿಸಿದರು. ಹಾಳೆಯಲ್ಲಿ ಇಪ್ಪತ್ತು ರೋಗಿಗಳು; ಹತ್ತೊಂಬತ್ತು ಹೆಸರು ಸುಳ್ಳು, ಒಂದು ಮಾತ್ರ ನಿಜ. ಸೋರಿದ್ದು ಆಸ್ಪತ್ರೆಯಿಂದಲ್ಲ. ಸಾಫ್ಟ್‌ವೇರ್ ಪರೀಕ್ಷಿಸಲು ಕಂಪನಿ ಅಸಲಿ ದಾಖಲೆಯ ನಕಲು ತರಿಸಿ, ಹೆಸರು, ನಂಬರು ಬದಲಿಸಿ, ಅಂದರೆ ‘ಮುಸುಕು ಹಾಕಿ’, ಬಳಸುತ್ತಿತ್ತು. ಕಂಪ್ಯೂಟರಿನಲ್ಲಿ ಅದನ್ನು ಬದಲಿಸುವ ಸೂತ್ರ ಒಂದೇ. ಒಮ್ಮೆ ಬರೆದದ್ದನ್ನೇ ನಕಲಿನ ಹನ್ನೊಂದು ಪಟ್ಟಿಗಳಿಗೂ ಜೋಡಿಸಿದ್ದರು. ಆ ಸೂತ್ರಕ್ಕೆ ಮ್ಯಾನೇಜರ್‌ಗೆ ಪ್ರಶಸ್ತಿ ಬಂದಿತ್ತು. ಫಲಕ ಆಫೀಸಿನಲ್ಲಿ ಅವನ ಮೇಜಿನ ಮೇಲೇ ಇತ್ತು.

ನಾಲ್ಕಕ್ಕೆ ಆಫೀಸಿನಲ್ಲಿ ಪಂಚನಾಮೆ. ಸೂತ್ರದೊಳಗೆ ಎಂಟು ದಿನದ ಹಿಂದೆ ಒಂದು ಸಾಲು ಸೇರಿತ್ತು: ಈ ಫೋನ್ ನಂಬರು ಬಂದರೆ ಏನನ್ನೂ ಬದಲಿಸಬೇಡ. ನಂಬರು ಮ್ಯಾನೇಜರನದು. ಸಾಲು ಸೇರಿಸಿದ ಲಾಗಿನ್ನೂ ಅವನದೇ.

“ಈ ಸೂತ್ರ ಬರೆದದ್ದು ಯಾರು?” ಮೇಡಂ ಕೇಳಿದರು.

“ನಾನೇ.”

“ಹಾಗಾದ್ರೆ ಈ ಸಾಲೂ ನಿಮ್ಮದೇ.”

“ನನ್ನ ಮಾನ ನಾನೇ ಹರಾಜು ಹಾಕ್ಕೊಳ್ತೀನೇನ್ರೀ?”

ಹೆಡ್ ಕಾನ್‌ಸ್ಟೇಬಲ್ ಪರದೆಯನ್ನು ಅವನತ್ತ ತಿರುಗಿಸಿದ. “ಇದರ ಮೇಲಿನ ಸಾಲು ಏನು ಮಾಡುತ್ತೆ ಸಾರ್? ನನ್ನ ತಲೆಗೂ ಹೋಗೋ ಹಾಗೆ ಹೇಳಿ.”

ಮ್ಯಾನೇಜರ್ ಪರದೆ ನೋಡಿದ. ಫಲಕ ನೋಡಿದ. “ಮುಸುಕಪ್ಪನ್ನ ಕರೀರಿ” ಎಂದ.

ದಾಖಲೆಗೆ ಮುಸುಕು ಹಾಕುವ ಹುಡುಗನಿಗೆ ಆಫೀಸಿನವರು ಇಟ್ಟ ಅಡ್ಡಹೆಸರು ಅದು. ಇಪ್ಪತ್ತಮೂರು ವರ್ಷದವನು. ಶಾಲೆ ಅರ್ಧಕ್ಕೆ ಬಿಟ್ಟು, ಪ್ರಿಂಟರ್‌ಗೆ ಕಾಗದ ತುಂಬಲು ಸೇರಿ, ನೋಡಿ ನೋಡಿಯೇ ಕಲಿತವನು. ಮ್ಯಾನೇಜರ್ ತನ್ನ ಲಾಗಿನ್ ಕೊಟ್ಟು ಅವನಿಂದಲೇ ಸೂತ್ರ ಬರೆಸಿಕೊಂಡಿದ್ದ.

“ಅಂಟಿಸಿದ್ದು ಯಾರು?” ಬಂದು ನಿಂತವನನ್ನು ಮೇಡಂ ಕೇಳಿದರು.

“ನಾನೇ ಮೇಡಂ. ಇವನ ಮೇಜಿನ ಮೇಲೆ ಆಸ್ಪತ್ರೆ ಚೀಟಿ ನೋಡಿದ್ದೆ.”

“ಯಾಕೆ?”

“ಪ್ರಶಸ್ತಿಗೆ ನನ್ನ ಹೆಸರೂ ಸೇರಿಸಿ ಅಂದೆ. ಮೂವತ್ತು ಜನರ ಮುಂದೆ, ಹತ್ತನೇ ಕ್ಲಾಸು ದಾಟದವನ ಹೆಸರು ಹಾಕಿದ್ರೆ ಕಂಪನಿ ಮರ್ಯಾದೆ ಏನಾಗ್ಬೇಕು ಅಂದ. ಎಲ್ಲಾ ಹಲ್ಲು ಕಿಸಿದ್ರು. ಸರಿ, ಇವನ ಹೆಸರನ್ನೇ ಹಾಕೋಣ ಅಂತ ಹಾಕಿದೆ. ಇವನೊಬ್ಬನದೇ. ಬೇರೆ ಯಾರ ತಂಟೆಗೂ ಹೋಗಿಲ್ಲ.”

ಮೇಡಂ ನಕಲಿನಲ್ಲಿ ಮ್ಯಾನೇಜರನ ನಂಬರು ಹುಡುಕಿಸಿದರು. ಇಬ್ಬರು ಸಿಕ್ಕರು. ಒಬ್ಬ ಅವನೇ. ಎರಡನೆಯವಳು ಮಕ್ಕಳ ಪಟ್ಟಿಯಲ್ಲಿ: ಹನ್ನೆರಡು ವರ್ಷದ ಹುಡುಗಿ, ಮೂರ್ಛೆರೋಗ, ಸಂಪರ್ಕಕ್ಕೆ ಅಪ್ಪನ ನಂಬರು. ಒಂದು ಕಡೆ ತೆಗೆದ ಮುಸುಕು ಹನ್ನೊಂದು ಪಟ್ಟಿಗಳಲ್ಲೂ ಕಳಚಿತ್ತು. ಎಂಟು ದಿನದಿಂದ ನಲವತ್ತು ಜನ ಅದೇ ನಕಲು ತೆರೆದು ಕೆಲಸ ಮಾಡಿದ್ದರು. ಅವರಲ್ಲೊಬ್ಬನ ಮಗ ಆ ಹುಡುಗಿಯ ತರಗತಿಯವನು.

ಮ್ಯಾನೇಜರ್ ಪರದೆಯ ಮೇಲಿನ ಮಗಳ ಹೆಸರು ಮುಟ್ಟಿದ. “ನಾಲ್ಕು ದಿನದಿಂದ ಶಾಲೆಗೆ ಹೋಗಲ್ಲ ಅಂತಿದ್ದಾಳೆ. ಯಾಕಮ್ಮಾ ಅಂದ್ರೆ ಬಾಯಿ ಬಿಡಲ್ಲ.”

ಐದು ಇಪ್ಪತ್ತಕ್ಕೆ ಹುಡುಗನ ಬಂಧನ. ಕಾರಣದ ಜಾಗದಲ್ಲಿ ಹೆಡ್ ಕಾನ್‌ಸ್ಟೇಬಲ್ ‘ಎಲ್ಲರೆದುರು ಆದ ಅವಮಾನ’ ಎಂದು ಬರೆದ. ಸ್ವಲ್ಪ ತಡೆದು, ‘ಸೂತ್ರ ಬರೆದವನು ಆರೋಪಿಯೇ’ ಎಂದು ಸೇರಿಸಿದ. ಆ ಕೆಲಸದ ಪಕ್ಕ ಹುಡುಗನ ಹೆಸರು ಬಿದ್ದದ್ದು ಅದೇ ಮೊದಲು.

“ಲೋ, ನನ್ನನ್ನ ಬಿಡು. ನನ್ನ ಮಗಳು ಏನು ಮಾಡಿದ್ಲೋ ನಿನಗೆ? ಹೇಳೋ!” ಮ್ಯಾನೇಜರ್ ಕೂಗಿದ.

ಮುಸುಕಪ್ಪ ಲಿಫ್ಟ್ ಹತ್ತಿರ ಉಳಿದಿದ್ದ ಅಂಟಿನ ಕಲೆ ದಾಟಿ, ಮೆಟ್ಟಿಲಿಳಿದು ಹೋದ.